ಅಲ್ಲಿಗೇ ನಿಂತ ಹರುಕು

ನಮ್ಮ ಬೀದಿಯ ಟೈಲರ್ ಮಾಸ್ಟರು ಬಟ್ಟೆ ಕೈಗೆ ಬಂದರೆ ಮೊದಲು ಮೂಸಿ ನೋಡುತ್ತಾರೆ. ಆಮೇಲೆ ಬೆಳಕಿಗೆ ಹಿಡಿಯುತ್ತಾರೆ. ಕೊನೆಗೆ ಅಂಚಿನಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಡುತ್ತಾರೆ. ಎಳೆ ಬೂದಿಯಾದರೆ ಹತ್ತಿ, ಕರಗಿ ಉಂಡೆಗಟ್ಟಿದರೆ ಬೆರಕೆ. "ಮಾಸ್ಟ್ರೇ, ದೊಡ್ಡ ಅಂಗಡೀಲಿ ತಗೊಂಡದ್ದು, ಅಪ್ಪಟ ಹತ್ತಿ" ಎಂದು ಗಿರಾಕಿ ಎದುರಿಗೇ ನಿಂತು ಹೇಳಿದರೂ ಬಿಡುವುದಿಲ್ಲ. ಹಾಗೆ ಹೇಳಿದರಂತೂ ಎರಡು ಎಳೆ ಸುಡುತ್ತಾರೆ.

ಎದುರಿಗೆ ಎಲ್ಲರೂ ಮಾಸ್ಟರು ಅನ್ನುತ್ತಾರೆ, ಬೆನ್ನ ಹಿಂದೆ ಅನುಮಾನ ಮಾಸ್ಟರು. ಅದು ಅವರಿಗೂ ಗೊತ್ತು. "ಹೇಳೋದಿದ್ರೆ ಮುಖಕ್ಕೆ ಹೇಳಬೇಕಪ್ಪ. ಹಿಂದೆ ಹೇಳ್ತಾರಲ್ಲ, ಅದಕ್ಕೇ ನಂಗೆ ಅನುಮಾನ" ಎನ್ನುತ್ತಾರೆ.

ಆ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹಾಕುವವಳು ನಾನು. ಗುಂಡಿ ತೂರುವ ಕಿಂಡಿ ಹಿಂಜದ ಹಾಗೆ ಅದರ ಸುತ್ತ ಕೈಯಲ್ಲಿ ನೂಲು ಸುತ್ತಿ, ಎರಡು ತುದಿಗೂ ಅಡ್ಡಲಾಗಿ ಒಂದೊಂದು ಕಟ್ಟು ಹಾಕಬೇಕು. ಆ ಕಟ್ಟು ಇಲ್ಲದಿದ್ದರೆ ಕಿಂಡಿ ದಿನದಿನಕ್ಕೆ ಬಾಯಿ ಅಗಲಿಸಿಕೊಂಡು ಹೋಗುತ್ತದೆ. ಕಣ್ಣು, ಕೈ ಎರಡೂ ಕೆಲಸದಲ್ಲಿರುತ್ತವೆ, ಕಿವಿಗೆ ಮಾತ್ರ ಬಿಡುವು. ಹಾಗಾಗಿ ಮಾಸ್ಟರ ಬದುಕನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು.

ಅವರು ಹುಟ್ಟಿನಿಂದಲೇ ಹೀಗಿದ್ದವರಲ್ಲವಂತೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅಕ್ಕ ಹೇಳುವುದು ಹೀಗೆ: "ಮದುವೆಯಾದ ಹೊಸದರಲ್ಲಿ ಯಾರು ಏನು ಹೇಳಿದ್ರೂ ನಂಬ್ತಿದ್ರು ಕಣೆ. ನನ್ನ ಸಾರು ಚೆನ್ನಾಗಿದೆ ಅಂತ ನಾನು ಹೇಳಿದ್ದನ್ನೂ ನಂಬಿದ್ರು."

ಅಕ್ಕ ಆಗ ನಮ್ಮ ಬೀದಿಯ ತುದಿಯಲ್ಲಿರುವ ನೂಲಿನ ಗಿರಣಿಗೆ ಹೋಗುತ್ತಿದ್ದಳು. ಬೀದಿಯ ಮುಕ್ಕಾಲು ಪಾಲು ಮನೆಗಳು ಆ ಗಿರಣಿಯ ಸಿಳ್ಳೆಗೆ ಏಳುತ್ತಿದ್ದವು, ಅದೇ ಸಿಳ್ಳೆಗೆ ಉಣ್ಣುತ್ತಿದ್ದವು. ಗಿರಣಿ ಮುಚ್ಚುತ್ತದೆಂಬ ಗುಲ್ಲು ಎದ್ದಾಗ ಒಂದು ಪಕ್ಷದವರು ಬಂದು, ನಮ್ಮ ಹೆಣ ಬಿದ್ದರೂ ಮುಚ್ಚಗೊಡುವುದಿಲ್ಲ ಎಂದರು. ಮಾಸ್ಟರು ಅವರ ಬಾವುಟಗಳನ್ನೂ ಉದ್ದುದ್ದ ಬ್ಯಾನರುಗಳನ್ನೂ ಪುಕ್ಕಟೆ ಹೊಲಿದುಕೊಟ್ಟರು. ಅವರು ಗೆದ್ದರು. ಗಿರಣಿ ಮುಚ್ಚಿತು, ಯಾರ ಹೆಣವೂ ಬೀಳಲಿಲ್ಲ. ಯಂತ್ರಗಳನ್ನು ಲಾರಿಗೆ ಹೇರಿಕೊಂಡು ಹೋದ ದಿನ ಮಾಸ್ಟರು ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಂತ್ರಗಳಿಗೆ ಗೀರು ಬೀಳದಿರಲೆಂದು ಸುತ್ತಿದ್ದದ್ದು ಅವರೇ ಹೊಲಿದ ಬ್ಯಾನರಿನ ಬಟ್ಟೆ. ಮುಂದಿನ ಚುನಾವಣೆಯಲ್ಲಿ ಇನ್ನೊಂದು ಪಕ್ಷದವರು ಬಂದು, ಗಿರಣಿ ತೆರೆಸುತ್ತೇವೆ ಎಂದರು. ಅವರೂ ಗೆದ್ದರು. ಗೇಟಿಗೆ ಹೊಸ ಬೀಗ ಬಿತ್ತು.

ಅಂದಿನಿಂದ ನಮ್ಮ ಬೀದಿಯಲ್ಲಿ ಆ ಎರಡು ಪಕ್ಷಗಳಿಗೆ ಬೆಳಗಿನ ಪಾಳಿ, ರಾತ್ರಿ ಪಾಳಿ ಎಂದೇ ಹೆಸರು. "ಒಬ್ಬರು ಹೊರಗೆ ಬಂದ್ರೆ ಇನ್ನೊಬ್ಬರು ಒಳಗೆ. ಇಬ್ಬರೂ ತುಳಿಯೋದು ಒಂದೇ ಮಿಷನ್ನು" ಎಂದು ಹೆಸರಿಟ್ಟದ್ದು ಮಾಸ್ಟರೇ. ಎರಡೂ ಪಾಳಿಯವರು ಬಟ್ಟೆ ಹೊಲಿಸಲು ಅವರಲ್ಲಿಗೇ ಬರುತ್ತಿದ್ದರು. ಗೆಲ್ಲುತ್ತಾನೆ ಎಂದು ಅನಿಸಿದವನ ಬಟ್ಟೆಯಲ್ಲಿ ಮಾಸ್ಟರು ಒಳಹೊಲಿಗೆಗೆ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದರು. ಗೆದ್ದ ಮೇಲೆ ಹೊಟ್ಟೆ ಬರುತ್ತದೆ, ಬಿಚ್ಚಿ ದೊಡ್ಡದು ಮಾಡಬೇಕಾಗುತ್ತದೆ. ಅವರು ಎಷ್ಟು ಬಿಟ್ಟರು ಎಂದು ತಿಳಿಯುವುದಕ್ಕೆ ಎದುರಿನ ಟೀ ಅಂಗಡಿಯವನು ನನ್ನನ್ನು ಸನ್ನೆಯಲ್ಲಿ ಕೇಳುತ್ತಿದ್ದ. ನಾನು ಹೇಳುತ್ತಿರಲಿಲ್ಲ.

ಮಾಸ್ಟರಿಗೆ ಒಬ್ಬಳೇ ಮಗಳು. ಎಡಚಿ. ಅಪ್ಪನ ಕತ್ತರಿ ಅವಳ ಕೈಗೆ ಒಗ್ಗಲಿಲ್ಲ, ಆದರೆ ಸೂಜಿ ಒಗ್ಗಿತು. ಕಾಜಾ ಹಾಕುವುದನ್ನು ಅವಳಿಗೆ ಕಲಿಸಿದವಳು ನಾನು. ಎದುರಿಗೆ ಕೂರಿಸಿಕೊಂಡು ಕನ್ನಡಿಯಲ್ಲಿ ತೋರಿಸಿದ ಹಾಗೆ ಕಲಿಸಿದೆ. ಅದಕ್ಕೇ ಅವಳ ತುದಿಯ ಕಟ್ಟು ನನ್ನದಕ್ಕೆ ತಿರುಗುಮುರುಗು ಓರೆಯಾಗಿರುತ್ತದೆ. ರಾಶಿ ಅಂಗಿಗಳ ನಡುವೆಯೂ ಯಾವುದು ಅವಳದು, ಯಾವುದು ನನ್ನದು ಎಂದು ಮಾಸ್ಟರು ಬೆರಳಿನಲ್ಲಿ ಸವರಿಯೇ ಹೇಳುತ್ತಿದ್ದರು. ನನ್ನನ್ನು ಅವಳು ಅತ್ತೆ ಎನ್ನುತ್ತಾಳೆ. ಅಪ್ಪನ ಹಾಗಲ್ಲ, ಅಕ್ಕರೆಯ ಹುಡುಗಿ. ಯಾರಾದರೂ ಅತ್ತರೆ ಯಾಕೆ ಎಂದು ಕೇಳುವ ಮೊದಲೇ ಅವಳ ಕಣ್ಣೂ ತುಂಬಿರುತ್ತದೆ.

ಗಿರಣಿಯ ಮುಂದಿನ ಬಯಲಲ್ಲಿ ಬೆಳಗಿನ ಪಾಳಿಯವರ ಸಭೆ ನಡೆದ ದಿನ ಅವಳು ಅಲ್ಲಿದ್ದಳು. ಗಿರಣಿ ಈ ಸಲ ಖಂಡಿತ ತೆರೆಯುತ್ತೇವೆ ಎಂದು ವೇದಿಕೆಯ ಮೇಲಿದ್ದವರು ಹೇಳುತ್ತಿದ್ದಾಗ, ಜನರ ನಡುವಿನಿಂದ ಒಬ್ಬ ಎದ್ದು, "ತೆರೀತೀರಿ ಸರಿ, ಒಳಗೆ ಏನಿದೆ? ಯಂತ್ರ ಎಲ್ಲಿ ಹೋದ್ವು?" ಎಂದು ಕೇಳಿದ. ಅವನು ಗಿರಣಿಯ ಹಳೆಯ ಮೇಸ್ತ್ರಿಯ ಮಗ. ಪಕ್ಷದವರು ಅವನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಎಳೆತಕ್ಕೆ ಅಂಗಿ ಹೆಗಲಿನಿಂದ ಜೇಬಿನ ಮೇಲಿನವರೆಗೆ ಹರಿಯಿತು. ಗಿರಣಿಯ ಗೇಟಿನ ಮುಂದೆ ಬಿದ್ದವನು ಎದ್ದು ನಿಂತು, "ಈ ಬಾಗಿಲು ತೆಗೆಯೋ ತನಕ ನಾನು ಬೇರೆ ಅಂಗಿ ಹಾಕಲ್ಲ" ಎಂದು ಕೂಗಿದ.

ಅದನ್ನು ಮಗಳು ಕಣ್ಣಾರೆ ಕಂಡಳು. ಅಂಗಡಿಗೆ ಓಡಿ ಬಂದು ಒಂದೇ ಉಸಿರಿಗೆ ಹೇಳಿದಳು. ಮಾಸ್ಟರು ಮಿಷನ್ನು ನಿಲ್ಲಿಸಲಿಲ್ಲ.

"ಕೂಗುವಾಗ ಯಾವ ಕಡೆ ತಿರುಗಿದ್ದ?" ಎಂದು ಕೇಳಿದರು.

"ಅಂದ್ರೆ?"

"ಗೇಟಿನ ಕಡೆಗಾ, ಫೋಟೋ ತೆಗೆಯೋರ ಕಡೆಗಾ?"

"ಅಪ್ಪ, ನಿನ್ನ ತಲೇಲಿ ಏನಿದೆ?" ಎಂದು ಅವಳು ಎದ್ದು ಒಳಗೆ ಹೋದಳು.

ಹರಕಂಗಿಯಣ್ಣ ಎಂಬ ಹೆಸರು ಹೇಗೆ ಹುಟ್ಟಿತೋ ತಿಳಿಯದು, ಕೆಲವೇ ವಾರದಲ್ಲಿ ಎಲ್ಲರ ಬಾಯಲ್ಲೂ ಅದೇ. ಅವನು ತಾನೇ ಚುನಾವಣೆಗೆ ನಿಂತ. ಗೋಡೆಗಳ ಮೇಲೆ ಅವನ ಚಿತ್ರ ಬಂತು, ಹೆಗಲಿನ ಮೇಲೆ ಬಾಯಿ ತೆರೆದ ಆ ಹರುಕಿನ ಜೊತೆಗೆ. ಅವನ ಮಾತು ಸರಳ. ಎರಡು ಪಾಳಿಯವರೂ ಕಳ್ಳರು, ಓದಿದವರು ಅವರ ಲೆಕ್ಕ ಬರೆಯುವವರು, ಪತ್ರಿಕೆಯವರು ಅವರ ತುತ್ತೂರಿ, ನಿಮ್ಮವನು ಎಂದರೆ ನಾನೊಬ್ಬನೇ. ಜನ ಕೇಳಿದರು, ಹೌದು ಎಂದರು. ಯಾಕೆ ಎನ್ನಬಾರದು? ಮೊದಲ ಮಾತು ನಿಜವೇ ಆಗಿತ್ತು. ಮೊದಲ ಮಾತು ನಿಜವಾದರೆ ಉಳಿದವನ್ನು ಯಾರೂ ಬೆಳಕಿಗೆ ಹಿಡಿಯುವುದಿಲ್ಲ.

ಬೀದಿಯ ಗಾಳಿಯೂ ಬದಲಾಯಿತು. ಟೀ ಅಂಗಡಿಯವನು ಬೆಂಚಿನಲ್ಲಿ ಯಾರು ಯಾರ ಪಕ್ಕ ಕೂತರು ಎಂದು ನೋಡತೊಡಗಿದ. ಹೊಸಬರು ಮನೆ ಬಾಡಿಗೆಗೆ ಕೇಳಿದರೆ ಯಾವ ಪಾಳಿಯವರು ಕಳಿಸಿದ್ದು ಎನ್ನುತ್ತಿದ್ದರು. ನಲ್ಲಿಯಲ್ಲಿ ಒಂದು ಬೆಳಿಗ್ಗೆ ನೀರು ಬಾರದಿದ್ದರೆ, ಹರಕಂಗಿಯಣ್ಣನ ಮೇಲಿನ ಸಿಟ್ಟಿಗೆ ನಿಲ್ಲಿಸಿದ್ದಾರೆ ಎನ್ನುವರು. ಬಂದರೆ, ಹೆದರಿ ಬಿಟ್ಟಿದ್ದಾರೆ ಎನ್ನುವರು. ಇಷ್ಟು ವರ್ಷ ಬೀದಿಗೆ ಒಬ್ಬರೇ ಅನುಮಾನ ಮಾಸ್ಟರಿದ್ದರು, ಈಗ ಮನೆಗೊಬ್ಬರಾದರು. ಅವನೊಬ್ಬನ ಮೇಲೆ ಮಾತ್ರ ಯಾರಿಗೂ ಸಂಶಯವಿಲ್ಲ. ದೇವರ ಮೇಲೆ ಇಡುವ ನಂಬಿಕೆ ನನಗೆ ಗೊತ್ತು. ಅದರಲ್ಲಿ ಕೂಗಾಟ ಇರುವುದಿಲ್ಲ. ಇದು ಬೇರೆ ಏನೋ ಎಂದು ನನಗೆ ಅನಿಸುತ್ತಿತ್ತು, ಆದರೆ ನಾನು ಸೂಜಿ ಬಿಟ್ಟು ತಲೆ ಎತ್ತಲಿಲ್ಲ.

ಮಗಳು ಬೆಳಿಗ್ಗೆ ಎದ್ದರೆ ಅವನ ಕಚೇರಿಗೆ. ಕರಪತ್ರ ಹಂಚುವುದು, ಬಂದವರಿಗೆ ನೀರು ಕೊಡುವುದು, ಹರಿದ ಬಾವುಟಕ್ಕೆ ಹೊಲಿಗೆ ಹಾಕುವುದು. ಚುನಾವಣೆ ಆದ ಮೇಲೆ ರಾಜಧಾನಿಯ ದೊಡ್ಡ ಕಚೇರಿಗೆ ಬಂದಿರು ಎಂದು ಅಲ್ಲಿನವರು ಕರೆದಿದ್ದರು. ಅಕ್ಕನಿಗೆ ಅದೇ ಭಯ. "ಹೋದ್ರೆ ಅವಳು ತಿರುಗಿ ಬರಲ್ಲ. ನೀವು ಬಾಯಿ ಮುಚ್ಕೊಂಡಿದ್ರೆ ಹೋಗ್ತೀನಿ ಅಂತಿರಲಿಲ್ಲ" ಎಂದು ಗಂಡನನ್ನು ದೂರುತ್ತಿದ್ದಳು. ಮಾಸ್ಟರು ಬಾಯಿ ಮುಚ್ಚಿಕೊಂಡೇ ಇದ್ದರು. ಅವರು ನೋಡುತ್ತಿದ್ದದ್ದು ಗೋಡೆಯ ಚಿತ್ರಗಳನ್ನು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾಸ್ಟರು ಎರಡು ಕರಪತ್ರಗಳನ್ನು ತಂದು ನನ್ನ ಮುಂದಿಟ್ಟರು. ಒಂದು ಮೊದಲ ದಿನಗಳದ್ದು, ಒಂದು ಈಚಿನದು.

"ತಂಗಿ, ಹರುಕು ನೋಡು."

ನೋಡಿದೆ. ಎರಡರಲ್ಲೂ ಒಂದೇ ಹರುಕು.

"ಅದೇ ನಾನು ಹೇಳ್ತಿರೋದು. ತೆಳು ಹತ್ತಿ ಬಟ್ಟೆ. ದಿನಾ ಹಾಕ್ತಾನೆ, ಒಗೀತಾನೆ, ಹಿಂಡ್ತಾನೆ. ಜನ ಹೆಗಲ ಮೇಲೆ ಎತ್ಕೊಂಡು ಕುಣೀತಾರೆ. ಇಷ್ಟು ಹೊತ್ತಿಗೆ ಜೇಬು ದಾಟಿ ಹೊಟ್ಟೆಗೆ ಬರಬೇಕಿತ್ತು. ಅಲ್ಲಿಗೇ ನಿಂತಿದೆ."

"ಗಟ್ಟಿ ಬಟ್ಟೆ ಇರಬಹುದಣ್ಣ."

"ಗಟ್ಟಿ ಬಟ್ಟೆ ಎಳೆದ ಕೂಡಲೇ ಹರಿಯಲ್ಲ. ಹರಿದದ್ದು ನಿಲ್ಲಲ್ಲ. ನಿಂತಿದೆ ಅಂದ್ರೆ ಯಾರೋ ನಿಲ್ಲಿಸಿದ್ದಾರೆ. ಇಲ್ಲಾಂದ್ರೆ ಒಂದೇ ಥರದ ಅಂಗಿ ಕಟ್ಟುಗಟ್ಟಲೆ ಇಟ್ಕೊಂಡು ಒಂದೇ ಥರ ಹರ್ಕೊಳ್ತಿದ್ದಾನೆ."

"ಮಗಳಿಗೆ ಹೇಳಿ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹೇಳಿದ್ರೆ ಇವಳು ಹೋಗಿ ಅಲ್ಲಿ ಹೇಳ್ತಾಳೆ. ಕಳ್ಳನಿಗೆ ಗಂಟೆ ಬಾರಿಸಿ ಹಿಡಿಯೋಕೆ ಹೋದ ಹಾಗಾಗುತ್ತೆ. ಅಂಗಿ ನನ್ನ ಕೈಗೆ ಬರಬೇಕು. ಒಂದು ಸಲ ಬರಲಿ."

ಆ ಸಂಜೆ ನಾನೂ ಅವರಲ್ಲೇ ಊಟಕ್ಕೆ ಕೂತಿದ್ದೆ, ಮಗಳ ಜೊತೆ ಜಗಳವಾಯಿತು. ಶುರುವಾದದ್ದು ಅನ್ನ ಮುದ್ದೆಯಾಗಿದೆ ಎಂಬುದರಿಂದ, ಬಂದು ನಿಂತದ್ದು ಹರಕಂಗಿಯಣ್ಣನ ಹತ್ತಿರ. ಮಗಳು ತಟ್ಟೆ ಸರಿಸಿ, "ನೀನು ಬಟ್ಟೆಯನ್ನಾದ್ರೂ ಮುಟ್ಟಿ ನೋಡಿ ಹೇಳ್ತೀಯ. ಮನುಷ್ಯನನ್ನು ಮುಟ್ಟದೇ ಹೇಳ್ತೀಯ" ಎಂದಳು.

"ಮುಟ್ಟೋಕೆ ಬಿಡ್ತಾನಾ?"

"ಬಿಡ್ತಾರೆ. ಬೀದಿಗೆ ಬರ್ತಾರಲ್ಲ, ಎಲ್ಲರ ಎದುರಿಗೆ ಮುಟ್ಟಿ ನೋಡು. ಸುಳ್ಳಾದ್ರೆ ನಾನು ಅಲ್ಲಿಂದ್ಲೇ ತಿರುಗಿ ಬಂದು ಮಿಷನ್ನಿಗೆ ಕೂರ್ತೀನಿ. ನಿಜ ಆದ್ರೆ ನಾನು ರಾಜಧಾನಿಗೆ ಹೋಗೋದನ್ನ ನೀನು ತಡೀಬಾರದು."

"ಆಯ್ತು" ಎಂದರು ಮಾಸ್ಟರು. ಅಕ್ಕ ನನ್ನ ಮುಖ ನೋಡಿದಳು. ಮಗಳನ್ನು ಪಣಕ್ಕಿಟ್ಟ ಹಾಗಾಯಿತು. ಆದರೆ ಮಾಸ್ಟರ ಮುಖದಲ್ಲಿ ಗೆದ್ದವನ ಕಳೆಯಿತ್ತು. ಹರುಕು ಅಲ್ಲಿಗೇ ನಿಂತದ್ದನ್ನು ಅವರು ನೋಡಿದ್ದರಲ್ಲ.

ಅವನು ಬಂದದ್ದು ಹಾಡಹಗಲಲ್ಲಿ. ಬೀದಿ ತುಂಬ ಜನ, ಮಹಡಿಗಳ ಮೇಲೂ ಜನ. ನಾನು ಅಷ್ಟು ಹತ್ತಿರದಿಂದ ಅವನನ್ನು ನೋಡಿದ್ದು ಅದೇ ಮೊದಲು. ಮುಖದಲ್ಲಿ ಆಯಾಸವಿತ್ತು. ನಗು ಚೆನ್ನಾಗಿತ್ತು. ಸುಳ್ಳು ಹೇಳಬಾರದು, ನನಗೂ ಒಂದು ಕ್ಷಣ ಪಾಪ ಎನಿಸಿತು. ಮಗಳು ಅವನ ಬಲಕ್ಕೆ ನಡೆಯುತ್ತಿದ್ದಳು. ಎಡಕ್ಕೆ ಕಪ್ಪು ಕನ್ನಡಕ ಹಾಕಿದ ಅವನ ಸಹಾಯಕ.

ಅಂಗಡಿಯ ಮುಂದೆ ಬಂದಾಗ ಮಾಸ್ಟರು ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದರು. ಗುಂಪು ಸದ್ದು ತಗ್ಗಿಸಿತು. ಟೀ ಅಂಗಡಿಯವನು, "ಬಂದ್ರಪ್ಪ ಅನುಮಾನ ಮಾಸ್ಟ್ರು, ಬೆಂಕಿಪೊಟ್ಟಣ ತಂದಿದ್ದೀರಾ?" ಎಂದು ಕೂಗಿದ. ಜನ ನಕ್ಕರು.

ಹರಕಂಗಿಯಣ್ಣ ನಗುತ್ತಲೇ ಕೈ ಮುಗಿದ. "ಏನು ಯಜಮಾನ್ರೇ, ನನ್ನ ಅಂಗಿ ನೋಡಬೇಕು ಅಂದ್ರಂತೆ?"

"ನೋಡೋದಲ್ಲ, ಮುಟ್ಟಬೇಕು."

ಕಪ್ಪು ಕನ್ನಡಕದವನು ಅಡ್ಡ ಬಂದ. ಹರಕಂಗಿಯಣ್ಣ ಅವನನ್ನು ಸರಿಸಿದ. "ಬಿಡಪ್ಪ. ಎರಡು ಪಾಳಿಯವರೂ ಇವರಿಗೆ ಮೋಸ ಮಾಡಿದ್ದಾರೆ. ಅನುಮಾನ ಪಡೋದು ಇವರ ಹಕ್ಕು. ನೋಡಿ ಯಜಮಾನ್ರೇ, ಚೆನ್ನಾಗಿ ನೋಡಿ. ನೋಡಿ ಇವರಿಗೆಲ್ಲ ಹೇಳಿ." ಹೀಗೆಂದು ಹೆಗಲನ್ನು ಬಗ್ಗಿಸಿ ಕೊಟ್ಟ.

ಮಾಸ್ಟರು ಹರುಕಿನ ಬಾಯಿಯನ್ನು ಎರಡು ಬೆರಳಿನಲ್ಲಿ ಹಿಡಿದರು. ಮೂಸಲಿಲ್ಲ, ಎಳೆ ಕೀಳಲಿಲ್ಲ. ಅಂಚನ್ನು ಒಳಗಡೆಗೆ ಮಡಚಿ ಜೇಬಿನ ಮೇಲಿನ ತುದಿಯವರೆಗೆ ಬೆರಳು ಎಳೆದರು. ಅಲ್ಲಿ ಬೆರಳು ನಿಂತಿತು. ಹಿಂದಕ್ಕೆ ಬಂತು, ಮತ್ತೆ ಅಲ್ಲಿಗೇ ಹೋಗಿ ಸವರಿತು. ನಾನು ಬಾಗಿಲಲ್ಲಿದ್ದೆ, ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಕಾಜಾ ತುದಿಯನ್ನು ಹಾಗೆ ಸವರಿ ನೋಡುವುದನ್ನು ಎಷ್ಟು ಸಲ ಕಂಡಿಲ್ಲ! ಆ ತಿರುಗುಮುರುಗು ಓರೆ ಅವರ ಬೆರಳಿಗೆ ಸಿಕ್ಕಿತು ಎಂದುಕೊಂಡೆ.

ಅವರು ತಲೆ ಎತ್ತಿ ಮಗಳನ್ನು ನೋಡಿದರು. ಅವಳು ನಗುತ್ತಿದ್ದಳು. ಅಡಗಿಸಿಟ್ಟವರ ನಗುವಲ್ಲ ಅದು, ಅಪ್ಪ ಇಂದಾದರೂ ಒಪ್ಪುತ್ತಾನೆ ಎಂಬ ನಗು. ಅವಳ ಹಿಂದೆ ಅಷ್ಟು ಜನ. ಯಾರೋ ಹೊಲಿದು ನಿಲ್ಲಿಸಿದ್ದಾರೆ ಎಂದು ಮಾಸ್ಟರು ಹೇಳಿದ್ದರೆ ಮುಂದಿನ ಪ್ರಶ್ನೆ, ಯಾರು?

"ಹೇಳಿ ಮಾಸ್ಟ್ರೇ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮಾಸ್ಟರು ಅಂಗಿಯನ್ನು ಬಿಟ್ಟರು. "ಹರಿದದ್ದು ನಿಜ" ಎಂದರು.

ಬೀದಿ ಒಡೆದುಹೋಗುವ ಹಾಗೆ ಕೂಗು ಎದ್ದಿತು. ಅವರನ್ನೂ ಹೆಗಲ ಮೇಲೆ ಎತ್ತಲು ನೋಡಿದರು. ಕೊರಳಿನ ಟೇಪು ಯಾರದೋ ಕಾಲಡಿ ಬಿತ್ತು. ಅವರು ಹೇಗೋ ಬಿಡಿಸಿಕೊಂಡು ಅಂಗಡಿಯೊಳಗೆ ಬಂದು, ಮಿಷನ್ನಿನ ಮುಂದೆ ಕೂತು, ಬಟ್ಟೆಯಿಲ್ಲದೇ ತುಳಿಯತೊಡಗಿದರು.

ಜನ ಚದುರಿದ ಮೇಲೆ ಮಗಳು ಓಡಿ ಬಂದಳು. ಅಪ್ಪನ ಕೈ ಹಿಡಿದುಕೊಂಡು, "ಈಗಲಾದ್ರೂ!" ಎಂದಳು.

ಮಾಸ್ಟರು ಕಾಲು ನಿಲ್ಲಿಸಿದರು. "ತುದಿಗೆ ಕಾಜಾ ಕಟ್ಟು ಹಾಕಿದ್ದು ಯಾವಾಗ?"

"ಅದಾ? ಆಗಲೇ, ಮೊದಮೊದಲು. ಹರೀತಾ ಹೋಗ್ತಿತ್ತು."

"ನೀನೇ ಹಾಕಿದ್ದಾ, ಹಾಕು ಅಂದ್ರಾ?"

"ನಾನು ಪೂರ್ತಿ ಹೊಲಿದುಕೊಡ್ತೀನಿ ಅಂದೆ. ಬೇಡ, ದೊಡ್ಡದಾಗದ ಹಾಗೆ ನೋಡ್ಕೋ ಸಾಕು ಅಂದ್ರು."

"ಮತ್ತೆ?"

"ಮತ್ತೇನಿಲ್ಲ." ಅವಳು ಸ್ವಲ್ಪ ತಡೆದು, "ಯಾರಿಗೂ ಹೇಳೋದೇನೂ ಬೇಡ ಅಂದ್ರು" ಎಂದಳು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಆ ಮಾತನ್ನು ಅವಳು ಜೋರಾಗಿ ಹೇಳಿದ್ದು ಅದೇ ಮೊದಲಿರಬೇಕು.

ಮಾಸ್ಟರು ಕೈ ಬಿಡಿಸಿಕೊಂಡು ಸೂಜಿಗೆ ನೂಲು ಪೋಣಿಸತೊಡಗಿದರು. ಅದೇ ಅವಳಿಗೆ ತಾಗಿತು.

"ಯಾಕಪ್ಪ ಸುಮ್ನಿದ್ದೀಯ? ನಾನು ಮಾಡಿದ್ದು ತಪ್ಪಾ?"

"ತಪ್ಪು ಅಂದ್ನಾ?"

"ತಪ್ಪಲ್ಲದಿದ್ರೆ ಅಲ್ಲಿ ಯಾಕೆ ಮುಚ್ಚಿಟ್ಟೆ? ಕಟ್ಟು ಹಾಕಿದ್ದಾರೆ, ನನ್ನ ಮಗಳೇ ಹಾಕಿದ್ದಾಳೆ ಅಂತ ಹೇಳಬೇಕಿತ್ತು. ನಿನಗೆ ನನ್ನ ಮೇಲೇ ಅನುಮಾನ ಬಂತು. ನಾನೂ ಅವರ ಜೊತೆ ಸೇರಿ ಊರಿಗೆ ಟೋಪಿ ಹಾಕ್ತಿದ್ದೀನಿ ಅಂದ್ಕೊಂಡೆ. ಅಲ್ವಾ?"

ಮಾಸ್ಟರು ಇಲ್ಲ ಎನ್ನಬಹುದಿತ್ತು. ಅವರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ, ಅಂದಿನ ಪಾಲಿನದು ಆಗಲೇ ಮುಗಿದಿತ್ತು. ತಲೆ ತಗ್ಗಿಸಿದರು.

ಅವಳು ಆ ಹೊತ್ತಿಗೇ ಎದ್ದು ಹರಕಂಗಿಯಣ್ಣನ ಕಚೇರಿಗೆ ಹೋದಳು. ತಿರುಗಿ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅಪ್ಪನ ಕಡೆ ನೋಡದೆ ನನ್ನ ಪಕ್ಕ ಬಂದು ಕೂತಳು. "ಅತ್ತೆ, ನಾನು ಹಾಕಿದ ಕಟ್ಟಿನ ವಿಷಯ ಎಲ್ಲರಿಗೂ ನೀವೇ ಹೇಳಿಬಿಡಿ ಅಂತ ಕೇಳಿದೆ. ನಕ್ಕರು. 'ಯಾವ ಕಟ್ಟಮ್ಮ? ನನಗೆ ಗೊತ್ತೇ ಇಲ್ಲವಲ್ಲ' ಅಂದ್ರು. ನನ್ನ ಮುಂದೇನೇ ಅತ್ತೆ, ಬೇರೆ ಯಾರೂ ಇರಲಿಲ್ಲ. ನನ್ನ ಹತ್ರ ಯಾಕೆ ಹಾಗಂದ್ರು?" ನಾನು ಅವಳ ತಲೆ ಸವರಿದೆ.

ಮಾರನೆಯ ದಿನದ ಕರಪತ್ರದಲ್ಲಿ ಮಾಸ್ಟರ ಚಿತ್ರವಿತ್ತು. ಹರುಕನ್ನು ಹಿಡಿದ ಎರಡು ಬೆರಳು, ಕೆಳಗೆ ದೊಡ್ಡಕ್ಷರದಲ್ಲಿ: ಅನುಮಾನ ಮಾಸ್ಟರೇ ನಂಬಿದರು, ನೀವು? ಇನ್ನೂ ಓಲಾಡುತ್ತಿದ್ದ ಮನೆಗಳು ಅದರಿಂದ ಗಟ್ಟಿಯಾದವು. ಪಕ್ಕದ ಬೀದಿಗಳಿಂದಲೂ ಜನ ಬಂದು ಅಂಗಡಿಯೊಳಗೆ ಇಣುಕಿ, "ಇವರೇನಾ?" ಎಂದು ನೋಡಿಕೊಂಡು ಹೋದರು. ಒಬ್ಬರನ್ನೂ ನಂಬದೆ ಗಳಿಸಿದ ಹೆಸರು ಅವರದು. ಆ ಹೆಸರು ಈಗ ಅವನ ಹೆಗಲೇರಿತ್ತು.

ಮಗಳು ಮನೆಮನೆಗೆ ಹೋದಳು. ಆ ಹರುಕು ನಿಂತದ್ದು ನನ್ನ ಕಟ್ಟಿನಿಂದ, ನಿಲ್ಲಿಸು ಎಂದದ್ದು ಅವರೇ ಎಂದು ಹೇಳಿದಳು. ಕೇಳಿದವರು ನಕ್ಕರು. "ನಿಮ್ಮಪ್ಪನೇ ಮುಟ್ಟಿ ನೋಡಿದ್ದಾರಲ್ಲಮ್ಮ. ನಿಮ್ಮಪ್ಪ ಹೆತ್ತ ತಾಯಿ ಕೊಟ್ಟ ನೀರನ್ನೂ ಸೋಸಿ ಕುಡಿಯೋ ಮನುಷ್ಯ. ಅವರಿಗೆ ಗೊತ್ತಾಗದೆ ಇರುತ್ತಾ?" ಒಬ್ಬ ಮುದುಕಿಯಂತೂ, "ರಾಜಧಾನಿಗೆ ಕರ್ಕೊಂಡು ಹೋಗಲ್ಲ ಅಂದ್ರಾ ಮಗಳೇ? ಅದಕ್ಕಾ ಈ ಸಿಟ್ಟು?" ಎಂದಳಂತೆ.

ಅದು ಮಾಸ್ಟರ ಕಿವಿಗೆ ಬಿದ್ದ ದಿನವೇ ಇನ್ನೊಂದಾಯಿತು. ಬೆಳಗಿನ ಪಾಳಿಯವರು ಇಬ್ಬರು ಅಂಗಡಿಗೆ ಬಂದು, ನಮ್ಮ ವೇದಿಕೆ ಹತ್ತಿ ಅವನ ಬಣ್ಣ ಬಯಲು ಮಾಡಿ ಎಂದರು. ಮಾಸ್ಟರು ಕತ್ತರಿ ಮೇಜಿನ ಮೇಲೆ ಕುಕ್ಕಿ, "ನಿಮ್ಮ ಬಣ್ಣದ ಬಟ್ಟೆ ನಾನೇ ಹೊಲಿದದ್ದು, ಗೊತ್ತು. ನಡೀರಿ" ಎಂದು ಕಳಿಸಿದರು. ಆದರೆ ಅವರು ಒಳಗೆ ಬಂದದ್ದನ್ನು ಟೀ ಅಂಗಡಿಯವನು ನೋಡಿದ. ಅವರನ್ನು ಕಳಿಸಿದ ಮಾತನ್ನು ಕೇಳಿದವಳು ನಾನೊಬ್ಬಳೇ.

ಸಂಜೆ ಮಾಸ್ಟರು ಟೀ ಅಂಗಡಿಯ ಬೆಂಚಿನ ಮುಂದೆ ಹೋಗಿ ನಿಂತರು. ಯಾವತ್ತೂ ಅಲ್ಲಿ ಟೀ ಕುಡಿದವರಲ್ಲ, ಲೋಟ ತೊಳೆದ ನೀರಿನ ಮೇಲೆ ಅವರಿಗೆ ಅನುಮಾನ. "ಅವತ್ತು ನಾನು ಹೇಳಿದ್ದು ಪೂರ್ತಿ ಅಲ್ಲ" ಎಂದರು. "ಹರಿದದ್ದು ನಿಜ. ಆದ್ರೆ ನಿಲ್ಲಿಸಿದ್ದಾರೆ. ಕಟ್ಟು ನನ್ನ ಮಗಳದ್ದು. ಹಾಕಿಸಿದ್ದು ಅವನು. ನಾನು ಮುಚ್ಚಿಟ್ಟೆ."

ಬೆಂಚಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೆಳಗಿನ ಪಾಳಿಯವರು ಬಂದಿದ್ರಲ್ಲ ಮಾಸ್ಟ್ರೇ, ಮಧ್ಯಾಹ್ನ" ಎಂದ ಟೀ ಅಂಗಡಿಯವನು, ಲೋಟ ಒರೆಸುತ್ತ. "ಚೆನ್ನಾಗಿ ಹೇಳಿಕೊಟ್ಟಿದ್ದಾರೆ."

"ನನಗೆ ಹೇಳಿಕೊಡೋರು ಯಾರೂ ಇನ್ನೂ ಹುಟ್ಟಿಲ್ಲ!"

"ಇಷ್ಟು ವರ್ಷ ನೀವು ನಮಗೆ ಕಲಿಸಿದ್ದು ಅದೇ ತಾನೆ? ಯಾರನ್ನೂ ನಂಬಬೇಡಿ ಅಂತ. ಕಲ್ತಿದ್ದೀವಿ ಮಾಸ್ಟ್ರೇ."

ಬೆಂಚು ಘೊಳ್ಳೆಂದಿತು. ಮಾಸ್ಟರು ತಿರುಗಿ ಬಂದರು. ಬರುವಾಗ ಅವರ ನಡಿಗೆ ನನಗೆ ಗುರುತೇ ಸಿಗಲಿಲ್ಲ, ಯಾರೋ ಮುದುಕರು ಬರುತ್ತಿದ್ದಾರೆ ಎಂದುಕೊಂಡೆ.

ಹರಕಂಗಿಯಣ್ಣ ಗೆದ್ದ. ನಮ್ಮ ಬೀದಿಯ ಮತಗಳೆಲ್ಲ ಅವನಿಗೇ ಎಂದು ಟೀ ಅಂಗಡಿಯವನು ಸಿಹಿ ಹಂಚಿದ. ಮಗಳು ರಾಜಧಾನಿಗೆ ಹೋಗಲಿಲ್ಲ. ಅಂಗಡಿಗೆ ಬಂದು ಮಿಷನ್ನಿಗೆ ಕೂತಳು, ಆದರೆ ಅದನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಅಪ್ಪನಿಗೆ ಬೆನ್ನು ಹಾಕಿ. ಮಾತಿಲ್ಲ. ಅವಳಿಗೆ ನೂಲು ಬೇಕಾದರೆ ನನ್ನನ್ನು ಕೇಳುವಳು. ಮಾಸ್ಟರಿಗೆ ಅವಳ ಕಾಜಾ ಬೇಕಾದರೆ, "ತಂಗಿ, ಅದು ಆಯ್ತಾ ಕೇಳು" ಎನ್ನುವರು, ಮೂರು ಮೊಳ ದೂರದಲ್ಲಿ ಕೂತು. ಅಕ್ಕ ಮನೆಯಲ್ಲಿ ಎರಡು ಸಲ ಬಡಿಸುವಳು. ಮಗಳು ಕಣ್ಣೆದುರಿಗೇ ಇದ್ದಳು, ಹೋಗಿರಲಿಲ್ಲ. ಆದರೂ ಅಕ್ಕ ಹೆದರಿದ್ದು ಆಗಿಯೇ ಹೋಗಿತ್ತು.

ಅಂಗಡಿಗೆ ಬಟ್ಟೆ ತಂದವರಿಗೂ ಕಸಿವಿಸಿ. ಮಾಸ್ಟರು ಮೂಸುವುದನ್ನು ಬಿಟ್ಟಿದ್ದರು. ಕೊಟ್ಟದ್ದನ್ನು ತೆಗೆದುಕೊಂಡು, ಅಳತೆ ಬರೆದು, ಸುಮ್ಮನೆ ಮಡಚಿಡುತ್ತಿದ್ದರು. "ಎಳೆ ಸುಟ್ಟು ನೋಡಲ್ವಾ ಮಾಸ್ಟ್ರೇ?" ಎಂದು ಕೇಳಿದರೆ, "ನೋಡಿ ಏನು ಹೇಳೋದಿದೆ" ಎನ್ನುವರು.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಕಪ್ಪು ಕನ್ನಡಕದವನು ಇಳಿದ. ಕೈಯಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಅದೇ ಅಂಗಿ.

"ಗಾಜಿನ ಪೆಟ್ಟಿಗೇಲಿ ಇಡ್ತಿದ್ದೀವಿ, ಹೊಸ ಕಚೇರಿಯ ಬಾಗಿಲಲ್ಲಿ. ಚೆನ್ನಾಗಿ ಒಗೆದು ಇಸ್ತ್ರಿ ಹಾಕಿಕೊಡಬೇಕು. ಹರುಕು ಮಾತ್ರ ಹೇಗಿದೆಯೋ ಹಾಗೇ ಇರಬೇಕು. ಈ ಅಂಗಿಯನ್ನ ಬೇರೆಯವರ ಕೈಗೆ ಕೊಡಬೇಡ, ಆ ಮಾಸ್ಟ್ರಿಗೇ ಕೊಡು ಅಂತ ಅಣ್ಣನವರೇ ಹೇಳಿದ್ದಾರೆ."

"ಅವರು ಈಗ ಬೇರೆ ಅಂಗಿ ಹಾಕ್ತಾರಾ?" ಎಂದು ಮಾಸ್ಟರು ಕೇಳಿದರು.

"ಮತ್ತೆ? ಎಂಥೆಂಥವರು ಬರ್ತಾರೆ ನೋಡೋಕೆ."

"ಗಿರಣಿ ಬಾಗಿಲು ತೆರೆದ್ರಾ?"

"ತೆರೆಯೋ ಕೆಲಸ ಶುರುವಾಗಿದೆ. ಬೀಗದ ಕೈ ಹಿಂದಿನವರು ಎಲ್ಲೋ ಇಟ್ಟಿದ್ದಾರೆ. ಹುಡುಕಿಸ್ತಿದ್ದೀವಿ." ಸಂಜೆ ಬರುತ್ತೇನೆಂದು ಅವನು ಹೋದ.

ಅಂಗಿ ಮೇಜಿನ ಮೇಲೆ ಬಿದ್ದಿತ್ತು. ಮಾಸ್ಟರು ಮುಟ್ಟಲಿಲ್ಲ. ಮಿಷನ್ನಿನ ಸದ್ದು ನಿಂತಿತು. ಮಗಳು ಎದ್ದು ಬಂದಳು. ಅಂಗಿಯನ್ನು ತೆಗೆದುಕೊಂಡು ಹೋಗಿ ಒಗೆದಳು, ನೆರಳಲ್ಲಿ ಆರಿಸಿದಳು, ಇಸ್ತ್ರಿ ಹಾಕಿದಳು. ಆಮೇಲೆ ಬಾಗಿಲ ಬೆಳಕಿಗೆ ಸರಿದು ಕೂತು, ಬ್ಲೇಡಿನ ಮೂಲೆಯಿಂದ ಹರುಕಿನ ತುದಿಯ ಕಟ್ಟನ್ನು ಒಂದೊಂದೇ ಎಳೆಯಾಗಿ ಬಿಚ್ಚಿದಳು. ಎಡಗೈ, ನಿಧಾನ, ಬಟ್ಟೆಗೆ ಒಂದು ಗೀರೂ ಬೀಳದ ಹಾಗೆ. ಬಿಚ್ಚಿದ ನೂಲನ್ನು ಉಂಡೆ ಮಾಡಿ ತನ್ನ ಸೂಜಿಡಬ್ಬಿಯೊಳಗೆ ಹಾಕಿಕೊಂಡಳು. ಮಾಸ್ಟರು ಎಲ್ಲವನ್ನೂ ನೋಡಿದರು. ಬೇಡ ಎನ್ನಲಿಲ್ಲ.

ಸಂಜೆ ಕಪ್ಪು ಕನ್ನಡಕದವನು ಬಂದ. ಅಂಗಿಯನ್ನು ಎರಡೂ ಹೆಗಲು ಹಿಡಿದು ಮೇಲೆತ್ತಿ, "ಆಹಾ, ಹಾಗೇ ಇದೆ!" ಎಂದು ಒಂದು ಸಲ ಝಾಡಿಸಿದ. ಪರ್ರೆಂದಿತು. ಹರುಕು ಜೇಬನ್ನು ಸೀಳಿಕೊಂಡು ಕೆಳಗಿನ ಅಂಚಿನವರೆಗೆ ಹೋಯಿತು. ಅಂಗಿಯ ಮುಂಭಾಗ ಎರಡು ಪಾಲಾಗಿ ನೇತಾಡುತ್ತಿತ್ತು.

"ಅಯ್ಯಯ್ಯೋ! ಇದು ನಿಜವಾಗ್ಲೂ ಹರಿದುಹೋಯ್ತಲ್ಲ!" ಎಂದು ಚೀರಿದ.

ಮಾಸ್ಟರು ಹೊಲಿಯುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ ಹ್ಞೂಂಗುಟ್ಟಿದರು. "ನಾನು ಅವತ್ತೇ ಎಲ್ಲರ ಮುಂದೆ ಹೇಳಿರಲಿಲ್ವಾ? ಹರಿದದ್ದು ನಿಜ."

ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಮಗಳ ಬೆನ್ನು ಕುಲುಕುತ್ತಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಆದರೂ ಸದ್ದು ನಿಲ್ಲಲಿಲ್ಲ. ಕಪ್ಪು ಕನ್ನಡಕದವನು ಸೀಳಿದ ಅಂಗಿಯನ್ನು ರೇಷ್ಮೆಯಲ್ಲಿ ಸುತ್ತಿಕೊಂಡು, ಅಣ್ಣನವರಿಗೆ ಏನು ಹೇಳಲಿ ಎಂದು ಗೊಣಗುತ್ತ ಕಾರು ಹತ್ತಿದ.

ಅವನು ಹೋದ ಮೇಲೆ ಮಾಸ್ಟರು ನನ್ನ ಕಡೆ ಬಾಗಿ, ಬಾಗಿಲನ್ನೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ತಂಗಿ, ಇವಳು ಈಗ ನಕ್ಕಳಾ, ಕೆಮ್ಮಿದಳಾ?"

"ನಕ್ಕಳಣ್ಣ" ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದ ಬಟ್ಟೆಯ ಹಾಗೆ ನೋಡಿದರು. ನಂಬಿದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಗೋಡೆಯ ಕಡೆಯಿಂದ, "ಅಪ್ಪ, ಬಿಳಿ ನೂಲು ಕೊಡು" ಎಂದು ಕೇಳಿಸಿತು.